ಮನೆಯಲ್ಲಿ ಬರೆದ ಸಿ.ಡಿ.ಗಳ ಆಯುಸ್ಸು

ನಿಮ್ಮ ಮನೆಯ ಬೀರುವಿನಲ್ಲಿ, ಮದುವೆ ಆಲ್ಬಮ್ಮಿನ ಪಕ್ಕದಲ್ಲೋ ಟಿ.ವಿ. ಕೆಳಗಿನ ಡ್ರಾಯರಿನಲ್ಲೋ, ಒಂದಿಷ್ಟು ಸಿ.ಡಿ.ಗಳು ಇದ್ದೇ ಇರುತ್ತವೆ. ಒಂದರ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ಮದುವೆ, ಭಾಗ ಎರಡು' ಎಂದಿರುತ್ತದೆ. ಇನ್ನೊಂದರ ಮೇಲೆ 'ಅಜ್ಜನ ಹಾಡು' ಎಂದೋ 'ಊರ ಜಾತ್ರೆ ಫೋಟೊ' ಎಂದೋ ಇರುತ್ತದೆ. 2000ರ ಆಸುಪಾಸಿನಿಂದ ಹತ್ತು ಹದಿನೈದು ವರ್ಷ ನಮ್ಮೂರುಗಳ ಕಂಪ್ಯೂಟರ್ ಅಂಗಡಿಗಳಲ್ಲಿ, ಸ್ಟುಡಿಯೋಗಳಲ್ಲಿ, ಮನೆಗಳಲ್ಲಿ ಇಂಥ ಸಿ.ಡಿ.ಗಳನ್ನು ಲೆಕ್ಕವಿಲ್ಲದಷ್ಟು ರೈಟ್ ಮಾಡಿದ್ದೇವೆ. ನಾನು ಬಹುಕಾಲ ಡಿ.ಟಿ.ಪಿ. ಮತ್ತು ಕಂಪ್ಯೂಟರ್ ರಿಪೇರಿಯ ಕೆಲಸದಲ್ಲಿ ಇದ್ದವನು. ಆ ಸಿ.ಡಿ.ಗಳು ಈಗ ಹೇಗಿವೆ ಎಂಬ ಚಿಂತೆಯಿಂದಲೇ ಈ ಮಾತಿಗೆ ಕೂತಿದ್ದೇನೆ. ಅವು ಒಂದೊಂದಾಗಿ ಸಾಯುತ್ತಿವೆ. ಕೆಲವನ್ನು ಇನ್ನೂ ಉಳಿಸಿಕೊಳ್ಳಬಹುದು. ಏಕೆ ಸಾಯುತ್ತವೆ, ಹೇಗೆ ಉಳಿಸುವುದು ಎಂದು ತಿಳಿಯಬೇಕಾದರೆ ಅವನ್ನು ಬರೆದದ್ದು ಹೇಗೆ ಎಂಬುದನ್ನು ಮೊದಲು ನೋಡಬೇಕು.

ಅಂಗಡಿಯಲ್ಲಿ ಕೊಂಡ ಸಿನಿಮಾ ಹಾಡಿನ ಸಿ.ಡಿ.ಗೂ ನಾವು ರೈಟ್ ಮಾಡಿದ ಸಿ.ಡಿ.ಗೂ ಮೇಲ್ನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ. ಎರಡೂ 12 ಸೆಂಟಿಮೀಟರ್ ಅಗಲದ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟ್ ಪ್ಲಾಸ್ಟಿಕ್ಕಿನ ತಟ್ಟೆಗಳೇ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸೇರಿ ರೂಪಿಸಿದ ಈ ತಟ್ಟೆ 1982ರಲ್ಲಿ ಜಪಾನಿನಲ್ಲಿ ಮೊದಲು ಮಾರಾಟಕ್ಕೆ ಬಂತು. ಕಾರ್ಖಾನೆಯಲ್ಲಿ ಮಾಡುವ ಸಿ.ಡಿ.ಯಲ್ಲಿ ಮಾಹಿತಿಯನ್ನು ಸೂಕ್ಷ್ಮವಾದ ಗುಳಿಗಳ ರೂಪದಲ್ಲಿ ಪ್ಲಾಸ್ಟಿಕ್ಕಿನ ಮೇಲೆ ಅಚ್ಚೊತ್ತುತ್ತಾರೆ. ಅದರ ಮೇಲೆ ಅಲ್ಯೂಮಿನಿಯಮ್ಮಿನ ತೆಳು ಲೇಪ, ಅದರ ಮೇಲೆ ವಾರ್ನಿಷ್ಷಿನಂಥ ರಕ್ಷಣೆಯ ಪದರ. ಆ ಗುಳಿಗಳು ಪ್ಲಾಸ್ಟಿಕ್ಕಿನ ಆಕಾರದಲ್ಲೇ ಇರುವುದರಿಂದ ಅಳಿಸಿಹೋಗುವುದು ಕಷ್ಟ.

ನಾವು ರೈಟ್ ಮಾಡುವ ಸಿ.ಡಿ.ಯಲ್ಲಿ ಗುಳಿಗಳೇ ಇಲ್ಲ. ಅಲ್ಲಿರುವುದು ಬಣ್ಣ. ಪ್ಲಾಸ್ಟಿಕ್ಕಿಗೂ ಲೋಹದ ಹೊಳಪಿಗೂ ನಡುವೆ ಒಂದು ಸಾವಯವ ಬಣ್ಣದ ಪದರ ಹಚ್ಚಿರುತ್ತಾರೆ. 1988ರಲ್ಲಿ ಜಪಾನಿನ ತಾಯಿಯೊ ಯುದೆನ್ ಕಂಪನಿ ಇಂಥ ತಟ್ಟೆಯನ್ನು ಮಾಡಿ ತೋರಿಸಿತು. ಸಿ.ಡಿ. ರೈಟರಿನೊಳಗಿನ ಲೇಸರ್ ಓದುವಾಗ ಮಂದವಾಗಿ ಉರಿಯುತ್ತದೆ. ಬರೆಯುವಾಗ ಅದರ ಶಕ್ತಿ ಹಲವು ಪಟ್ಟು ಹೆಚ್ಚುತ್ತದೆ. ಆ ಕಿರಣ ಬಿದ್ದ ಚುಕ್ಕೆಯಲ್ಲಿ ಬಣ್ಣ ಕಾದು, ಒಡೆದು, ತನ್ನ ಗುಣ ಕಳೆದುಕೊಳ್ಳುತ್ತದೆ. ಬೆಂದ ಜಾಗದಿಂದ ಬೆಳಕು ಕಡಿಮೆ ವಾಪಸಾಗುತ್ತದೆ, ಬೇಯದ ಜಾಗದಿಂದ ಹೆಚ್ಚು. ಮುಂದೆ ಓದುವ ಯಂತ್ರಕ್ಕೆ ಈ ವ್ಯತ್ಯಾಸವೇ ಗುಳಿಯ ಹಾಗೆ ತೋರುತ್ತದೆ. ಹಾಡು, ಫೋಟೊ, ಪಿಎಚ್.ಡಿ. ಪ್ರಬಂಧ, ಎಲ್ಲವೂ ಅಲ್ಲಿ ಬೆಂದ ಮತ್ತು ಬೇಯದ ಬಣ್ಣದ ಸಾಲು ಅಷ್ಟೇ.

ಆ ಸಾಲು ಎಷ್ಟು ಉದ್ದ ಗೊತ್ತೆ? ಸಿ.ಡಿ.ಯ ನಡುವಿನ ತೂತಿನ ಹತ್ತಿರ ಶುರುವಾಗಿ ಅಂಚಿನ ಕಡೆಗೆ ಸುತ್ತುತ್ತಾ ಹೋಗುವ ಒಂದೇ ಸುರುಳಿ. ಬಿಚ್ಚಿ ಹಾಸಿದರೆ ಐದು ಕಿಲೋಮೀಟರಿಗೂ ಹೆಚ್ಚು. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಅಂತರ 1.6 ಮೈಕ್ರಾನ್, ಅಂದರೆ ನಮ್ಮ ತಲೆಗೂದಲೊಂದರ ಅಗಲದೊಳಗೆ ನಲವತ್ತು ಸುತ್ತುಗಳು ಹಿಡಿಸುತ್ತವೆ. ಖಾಲಿ ಸಿ.ಡಿ.ಯಲ್ಲೂ ಈ ದಾರಿಯ ಗೆರೆಯನ್ನು ಕಾರ್ಖಾನೆಯಲ್ಲೇ ಕೊರೆದಿರುತ್ತಾರೆ, ಅದೂ ಬಹಳ ಸಣ್ಣಗೆ ಓಲಾಡುವ ಹಾಗೆ. ಆ ಓಲಾಟವನ್ನು ಓದಿಯೇ ರೈಟರ್ ತಾನು ಎಲ್ಲಿದ್ದೇನೆ, ಇದರಲ್ಲಿ ಎಷ್ಟು ನಿಮಿಷದ ಜಾಗವಿದೆ ಎಂದು ತಿಳಿಯುತ್ತದೆ. ಬರೆಯಲು ತೊಡಗುವ ಮುಂಚೆ ಒಳಗಿನ ಅಂಚಿನ ಒಂದು ಮೂಲೆಯಲ್ಲಿ ಲೇಸರಿನ ಶಕ್ತಿಯನ್ನು ಹೆಚ್ಚು ಕಡಿಮೆ ಮಾಡಿ ಪರೀಕ್ಷೆಯನ್ನೂ ಮಾಡಿಕೊಳ್ಳುತ್ತದೆ, ಏಕೆಂದರೆ ಒಂದು ಕಂಪನಿಯ ಬಣ್ಣ ಬೇಯುವ ಬಿಸಿ ಇನ್ನೊಂದರ ಬಣ್ಣಕ್ಕೆ ಸಾಲದು. ರೈಟ್ ಮಾಡಿದ ಸಿ.ಡಿ.ಯೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ: ತೂತಿನಿಂದ ಒಂದಷ್ಟು ದೂರದವರೆಗೆ ಒಂದು ಛಾಯೆ, ಆಮೇಲೆ ಇನ್ನೊಂದು. ಮೊದಲ ಛಾಯೆ ತುಂಬಿದ ಭಾಗ, ಎರಡನೆಯದು ಖಾಲಿ ಉಳಿದ ಭಾಗ. ನಮ್ಮ ಮಾಹಿತಿಯನ್ನು ಹೀಗೆ ಬರಿಗಣ್ಣಿನಿಂದ ನೋಡಬಹುದಾದ ಸಾಧನ ಪೆನ್ ಡ್ರೈವ್ ಅಲ್ಲ, ಹಾರ್ಡ್ ಡಿಸ್ಕೂ ಅಲ್ಲ. ಅದಕ್ಕೇ ನನಗೆ ಸಿ.ಡಿ. ಎಂದರೆ ಇಂದಿಗೂ ಪ್ರೀತಿ.

ಮೊದಲ ರೈಟರುಗಳು ಸಾಮಾನ್ಯರ ಕೈಗೆ ಎಟುಕುವಂತಿರಲಿಲ್ಲ. 1995ರಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ಸಾವಿರ ಡಾಲರಿನ ಒಳಗೆ ಒಂದು ಯಂತ್ರ ತಂದದ್ದೇ ಆಗ ದೊಡ್ಡ ಸುದ್ದಿ. ನಮ್ಮಲ್ಲಿ ಅದು ಮನೆ ಕಂಪ್ಯೂಟರಿನ ಭಾಗವಾದದ್ದು ಹೊಸ ಶತಮಾನ ಶುರುವಾದ ಮೇಲೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಖಾಲಿ ಸಿ.ಡಿ.ಗಳು ಐವತ್ತು, ನೂರರ ಗೋಪುರದ ಡಬ್ಬಿಯಲ್ಲಿ ಸಿಗತೊಡಗಿದವು. ಅವುಗಳಲ್ಲಿ ಬಹಳಷ್ಟು ನಮ್ಮ ದೇಶದ್ದೇ. 1983ರಲ್ಲಿ ಹುಟ್ಟಿದ ದೆಹಲಿಯ ಮೋಸರ್ ಬೇರ್ ಕಂಪನಿ ಖಾಲಿ ಡಿಸ್ಕ್ ತಯಾರಿಸುವುದರಲ್ಲಿ ಜಗತ್ತಿನ ದೊಡ್ಡ ಹೆಸರುಗಳಲ್ಲಿ ಒಂದಾಗಿ ಬೆಳೆದಿತ್ತು.

ಆ ಕಾಲದಲ್ಲಿ ಸಿ.ಡಿ. ರೈಟ್ ಮಾಡಿದವರಿಗೆ ಒಂದು ಭಯ ಚೆನ್ನಾಗಿ ನೆನಪಿರುತ್ತದೆ. ರೈಟ್ ಆಗುತ್ತಿರುವಾಗ ಕಂಪ್ಯೂಟರನ್ನು ಮುಟ್ಟಬಾರದು! ಮೌಸ್ ಅಲುಗಿಸಬಾರದು, ಹಾಡು ಹಾಕಬಾರದು, ಮಕ್ಕಳು ಹತ್ತಿರ ಬರಬಾರದು. ಇದು ಮೂಢನಂಬಿಕೆಯಲ್ಲ. ಜಿಲೇಬಿ ಹಾಕುವವರ ಕೈ ನೋಡಿ: ಬಟ್ಟೆಯೊಳಗೆ ಹಿಟ್ಟು ಇರುವಷ್ಟು ಹೊತ್ತು ಸುರುಳಿ ಸುತ್ತುತ್ತಲೇ ಇರಬೇಕು, ನಡುವೆ ಹಿಟ್ಟು ನಿಂತರೆ ಸುರುಳಿ ತುಂಡಾಗುತ್ತದೆ, ಆಮೇಲೆ ಕೂಡಿಸಲಾಗುವುದಿಲ್ಲ. ರೈಟರಿನದೂ ಅದೇ ಕತೆ. ಡಿಸ್ಕ್ ತಿರುಗುತ್ತಲೇ ಇರುತ್ತದೆ, ಲೇಸರ್ ನಿಲ್ಲುವಂತಿಲ್ಲ. ಹಾರ್ಡ್ ಡಿಸ್ಕಿನಿಂದ ಬರುವ ಮಾಹಿತಿ ರೈಟರಿನ ಬಫರ್ ಎಂಬ ಚಿಕ್ಕ ಕೋಠಿಯಲ್ಲಿ ತುಂಬಿಕೊಂಡು ಅಲ್ಲಿಂದ ಲೇಸರಿಗೆ ಹೋಗುತ್ತದೆ. ಕಂಪ್ಯೂಟರ್ ಬೇರೆ ಕೆಲಸದಲ್ಲಿ ಸಿಕ್ಕಿಕೊಂಡು ಆ ಕೋಠಿ ಒಮ್ಮೆ ಖಾಲಿಯಾದರೆ ಆ ಸಿ.ಡಿ. ಹಾಳು. ಬಣ್ಣ ಒಮ್ಮೆ ಬೆಂದರೆ ಬೆಂದದ್ದೇ. 2000ದಲ್ಲಿ ಜಪಾನಿನ ಸಾನ್ಯೊ ಕಂಪನಿ ಇದಕ್ಕೆ ಉಪಾಯ ಕಂಡುಹಿಡಿಯಿತು. ಕೋಠಿ ಬರಿದಾಗುತ್ತಿದೆ ಎಂದು ಗೊತ್ತಾದ ಕೂಡಲೇ ರೈಟರ್ ಒಂದು ಗುರುತಿನ ಜಾಗದಲ್ಲಿ ಬರೆಯುವುದನ್ನು ನಿಲ್ಲಿಸುತ್ತದೆ, ಮಾಹಿತಿ ತುಂಬಿದ ಮೇಲೆ ಅದೇ ಜಾಗದಿಂದ ಮುಂದುವರಿಸುತ್ತದೆ. ಆಮೇಲೆ ಎಲ್ಲ ಕಂಪನಿಗಳೂ ಇಂಥ ವ್ಯವಸ್ಥೆ ತಂದವು, ಸಿ.ಡಿ. ಹಾಳಾಗುವುದು ತಟ್ಟನೆ ಕಡಿಮೆಯಾಯಿತು.

ವೇಗದ ವಿಷಯಕ್ಕೆ ಬರೋಣ. ಸಿ.ಡಿ.ಯ ಮೂಲ ವೇಗ ಹಾಡು ಕೇಳುವ ವೇಗ, ಸೆಕೆಂಡಿಗೆ 150 ಕಿಲೋಬೈಟ್. ಆ ವೇಗದಲ್ಲಿ 80 ನಿಮಿಷದ ಸಿ.ಡಿ. ಬರೆಯಲು 80 ನಿಮಿಷವೇ ಬೇಕು. ಕೊನೆಕೊನೆಗೆ ಬಂದ ರೈಟರುಗಳು ಅದರ 52 ಪಟ್ಟು ವೇಗದವು, ಮೂರು ನಿಮಿಷದೊಳಗೆ ಕೆಲಸ ಮುಗಿಸುತ್ತಿದ್ದವು. ಗಿರಾಕಿ ಕಾಯುತ್ತಿದ್ದಾರೆ ಎಂದು ಅಂಗಡಿಗಳಲ್ಲಿ ಪೂರ್ತಿ ವೇಗ ಇಡುವುದೇ ರೂಢಿಯಾಯಿತು. ಬಣ್ಣಕ್ಕೂ ವೇಗಕ್ಕೂ ಹೊಂದಿಕೆಯಿಲ್ಲದೆ, ಅಗ್ಗದ ಡಿಸ್ಕಿನ ಮೇಲೆ ಅವಸರದಲ್ಲಿ ಬರೆದವು ಮೊದಲೇ ಹಾಳಾಗುವ ಅಂಚಿನಲ್ಲಿ ನಿಂತಿರುತ್ತವೆ. ತಪ್ಪುಗಳನ್ನು ತಿದ್ದಿಕೊಳ್ಳಲು ಯಂತ್ರಕ್ಕೆ ಇರುವ ಮೀಸಲು ಶಕ್ತಿ ಮೊದಲ ದಿನವೇ ಖರ್ಚಾಗಿರುತ್ತದೆ.

ಆ ಮೀಸಲು ಶಕ್ತಿ ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಇಡೀ ವಿಷಯದ ಜೀವಾಳ ಅಲ್ಲಿದೆ. ಸಿ.ಡಿ.ಯ ಮೇಲೆ ಮಾಹಿತಿಯನ್ನು ಬರೆದ ಕ್ರಮದಲ್ಲಿ ಸಾಲಾಗಿ ಇಡುವುದಿಲ್ಲ. ಚೂರು ಚೂರು ಮಾಡಿ, ದೂರ ದೂರ ಹರಡಿ, ಜೊತೆಗೆ ತಾಳೆ ನೋಡುವ ಸಂಕೇತಗಳನ್ನೂ ಸೇರಿಸಿ ಬರೆಯುತ್ತಾರೆ. ಇರ್ವಿಂಗ್ ರೀಡ್ ಮತ್ತು ಗುಸ್ತಾವ್ ಸಾಲಮನ್ ಎಂಬ ಇಬ್ಬರು ಗಣಿತಜ್ಞರು 1960ರಲ್ಲಿ ಪ್ರಕಟಿಸಿದ ಲೆಕ್ಕಾಚಾರ ಇದಕ್ಕೆ ಆಧಾರ. ಗೀರು ಬಿದ್ದು ಒಂದು ತುಂಡು ಹೋದರೂ ಉಳಿದ ತುಂಡುಗಳಿಂದ ಹೋದದ್ದನ್ನು ಯಂತ್ರ ಲೆಕ್ಕ ಹಾಕಿ ಮರಳಿ ಪಡೆಯುತ್ತದೆ. ಸುರುಳಿಯಲ್ಲಿ ಎರಡೂವರೆ ಮಿಲಿಮೀಟರ್ ಉದ್ದದ ಭಾಗವೇ ಮಾಯವಾದರೂ ಹಾಡು ಎಲ್ಲೂ ತಡವರಿಸುವುದಿಲ್ಲ. ದಾಖಲೆಗಳ ಸಿ.ಡಿ.ಗೆ ಇಷ್ಟೂ ಸಾಲದು. ಹಾಡಿನಲ್ಲಿ ಒಂದು ಕ್ಷಣದ ತಪ್ಪನ್ನು ಅಂದಾಜಿನಿಂದ ಮುಚ್ಚಬಹುದು, ಬ್ಯಾಂಕಿನ ಲೆಕ್ಕದಲ್ಲಿ ಒಂದು ಅಂಕಿಯನ್ನು ಹಾಗೆ ಮುಚ್ಚಲಾಗದು. ಅದಕ್ಕಾಗಿ ದಾಖಲೆಯ ಸಿ.ಡಿ.ಯಲ್ಲಿ ಪ್ರತಿ 2352 ಬೈಟಿನ ಕಂತಿನಲ್ಲಿ 2048 ಮಾತ್ರ ನಮ್ಮ ಮಾಹಿತಿಗೆ ಸಿಗುತ್ತದೆ. ಉಳಿದದ್ದು ಬಹುಪಾಲು ಇನ್ನೊಂದು ಸುತ್ತಿನ ತಿದ್ದುಪಡಿಗೆ ಮೀಸಲು.

ಈ ಏರ್ಪಾಟು ಎಷ್ಟು ಚೆನ್ನಾಗಿದೆಯೋ ಅಷ್ಟೇ ನಮ್ಮನ್ನು ಮೈಮರೆಸುತ್ತದೆ. ಬಣ್ಣ ಮಾಸುತ್ತಿರುತ್ತದೆ, ತಪ್ಪುಗಳು ಹೆಚ್ಚುತ್ತಿರುತ್ತವೆ, ಯಂತ್ರ ತಿದ್ದುತ್ತಲೇ ಇರುತ್ತದೆ, ನಮಗೆ ಏನೂ ತಿಳಿಯುವುದಿಲ್ಲ. ತಿದ್ದುವ ಶಕ್ತಿ ಮುಗಿದ ದಿನ ಇಡೀ ಕಡತ ಒಮ್ಮೆಲೇ ತೆರೆಯದಾಗುತ್ತದೆ. ಕ್ಯಾಸೆಟ್ಟಿನಲ್ಲಿ ಧ್ವನಿ ಮೊದಲು ಮಂಕಾಗಿ ಎಚ್ಚರಿಕೆ ಕೊಡುತ್ತಿತ್ತು. ಸಿ.ಡಿ. ಕೊಡುವುದಿಲ್ಲ. 'ಹೋದ ವರ್ಷ ನೋಡಿದಾಗ ಚೆನ್ನಾಗಿಯೇ ಇತ್ತಲ್ಲ' ಎನ್ನುವ ಮಾತನ್ನು ನಾನು ತುಂಬ ಕೇಳಿದ್ದೇನೆ, ಹಾಗೆ ಹೇಳುವಾಗಿನ ಮುಖಗಳನ್ನೂ ನೋಡಿದ್ದೇನೆ.

ಬಣ್ಣಕ್ಕೆ ಶತ್ರುಗಳು ಬಿಸಿಲು, ಸೆಕೆ, ತೇವ. ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆ 2003ರಲ್ಲಿ ಹೊರತಂದ ಕೈಪಿಡಿಯಲ್ಲಿ ಡಿಸ್ಕುಗಳನ್ನು ಬಹುಕಾಲ ಇಡುವುದಾದರೆ 20 ಡಿಗ್ರಿಯೊಳಗಿನ ತಂಪು, ಶೇಕಡಾ 50ರೊಳಗಿನ ತೇವಾಂಶ ಇರಲಿ ಎಂದಿದೆ. ಉಡುಪಿಯಲ್ಲೋ ಮಂಗಳೂರಿನಲ್ಲೋ ಆಷಾಢ ಶ್ರಾವಣದಲ್ಲಿ ಗಾಳಿಯ ತೇವ ಶೇಕಡಾ 80 ದಾಟಿ ನಿಲ್ಲುತ್ತದೆ. ಕಲಬುರಗಿಯ ಬೇಸಿಗೆಯ ಸೆಕೆಯನ್ನು ನಾನು ಹೇಳಬೇಕಾಗಿಲ್ಲ. ಕಂಪನಿಗಳು ಡಬ್ಬಿಯ ಮೇಲೆ ನೂರು ವರ್ಷ ಎಂದು ಬರೆದರೂ ಆ ಮಾತು ನಮ್ಮ ಬೀರುಗಳಿಗೆ ಅನ್ವಯಿಸುವುದಿಲ್ಲ. ಕರಾವಳಿಯಲ್ಲಿ ರಾತ್ರಿಯಿಡೀ ನಿಂತು ರೆಕಾರ್ಡ್ ಮಾಡಿಕೊಂಡ ಯಕ್ಷಗಾನ ಪ್ರಸಂಗಗಳು, ಮಲೆನಾಡಿನ ಮನೆಗಳ ಸೋಬಾನೆ ಹಾಡುಗಳು, ಇವು ಎಷ್ಟೋ ಇಂಥ ಸಿ.ಡಿ.ಗಳಲ್ಲಿಯೇ ಇವೆ, ಬೇರೆಲ್ಲೂ ಇಲ್ಲ. ಅದೇ ನನ್ನ ಸಂಕಟ.

ಇನ್ನೊಂದು ವಿಷಯ ಬಹಳ ಜನರಿಗೆ ತಿಳಿಯದು. ಸಿ.ಡಿ.ಯ ಹೊಳೆಯುವ ಕೆಳಮೈಯನ್ನು ನಾವು ಕಣ್ಣಿನ ಹಾಗೆ ಕಾಪಾಡುತ್ತೇವೆ, ಹೆಸರು ಬರೆಯುವ ಮೇಲ್ಮೈಯನ್ನು ಹೇಗೆಂದರೆ ಹಾಗೆ ಇಡುತ್ತೇವೆ. ಮಾಡಬೇಕಾದದ್ದು ಇದಕ್ಕೆ ತದ್ವಿರುದ್ಧ. ಕೆಳಗೆ ಒಂದು ಮಿಲಿಮೀಟರಿಗೂ ಹೆಚ್ಚು ದಪ್ಪದ ಪ್ಲಾಸ್ಟಿಕ್ ಇದೆ, ಅಲ್ಲಿನ ಸಣ್ಣ ಗೀರನ್ನು ಲೇಸರ್ ದಾಟಿಕೊಂಡು ಹೋಗುತ್ತದೆ. ಮೇಲ್ಗಡೆ ಬಣ್ಣಕ್ಕೂ ಲೋಹಕ್ಕೂ ಇರುವ ರಕ್ಷಣೆ ಕೂದಲಿಗಿಂತ ತೆಳುವಾದ ಪದರ ಮಾತ್ರ. ಬಾಲ್‌ಪೆನ್ನಿನಲ್ಲಿ ಒತ್ತಿ ಹೆಸರು ಬರೆದರೆ ಮಾಹಿತಿಯ ಮೇಲೆಯೇ ಗೀರು ಎಳೆದ ಹಾಗೆ. ಅಂಟಿಸುವ ಲೇಬಲ್ ಇನ್ನೂ ಕೆಟ್ಟದ್ದು, ಕಿತ್ತರೆ ಲೋಹದ ಪದರವೇ ಕಿತ್ತು ಬರುತ್ತದೆ. ಡಿ.ವಿ.ಡಿ.ಯಲ್ಲಿ ಬಣ್ಣದ ಪದರ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇರುವುದರಿಂದ ಈ ಅಪಾಯ ಕಡಿಮೆ.

ಹಾಗಾದರೆ ಏನು ಮಾಡಬೇಕು? ಪ್ರತಿ ಮಾಡಬೇಕು. ನಮ್ಮ ನಾಡಿಗೆ ಇದು ಹೊಸ ಪಾಠವಲ್ಲ. ಜೈನರ ಆಗಮ ಗ್ರಂಥ ಷಟ್ಖಂಡಾಗಮ ಮತ್ತು ಅದರ ಧವಲಾ ಟೀಕೆ ಹಳೆಯ ಕನ್ನಡ ಲಿಪಿಯ ತಾಡವೋಲೆಗಳಲ್ಲಿ ಮೂಡುಬಿದಿರೆಯ ಬಸದಿಯಲ್ಲಿ ಮಾತ್ರ ಉಳಿದುಕೊಂಡಿದ್ದವು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಅವನ್ನು ಓದಿ ಪ್ರತಿ ಮಾಡುವ ಕೆಲಸ ಶುರುವಾಯಿತು, 1939ರಿಂದ ಅಚ್ಚಿನಲ್ಲಿ ಬರತೊಡಗಿದವು. ಓಲೆಗಳು ಮುರಿಯುವ ಮುನ್ನ ಪ್ರತಿ ಆದದ್ದರಿಂದ ಗ್ರಂಥ ಉಳಿಯಿತು. ಓಲೆಗೆ ಶತಮಾನಗಳ ಆಯುಸ್ಸಿತ್ತು. ನಮ್ಮ ಸಿ.ಡಿ.ಗಳಿಗೆ ಈಗಲೇ ಇಪ್ಪತ್ತು ವರ್ಷ ತುಂಬಿದೆ.

ಪ್ರತಿ ಮಾಡಲು ಓದುವ ಯಂತ್ರ ಬೇಕು, ಆದರೆ ಈಗಿನ ಲ್ಯಾಪ್‌ಟಾಪುಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಯು.ಎಸ್.ಬಿ.ಗೆ ಚುಚ್ಚುವ ಹೊರಗಿನ ಡಿ.ವಿ.ಡಿ. ರೈಟರ್ ಇನ್ನೂ ಸಿಗುತ್ತದೆ, ಅದು ಸಿ.ಡಿ.ಯನ್ನೂ ಓದುತ್ತದೆ. ಸಿಗುತ್ತಿರುವಾಗ ಕೊಂಡುಕೊಳ್ಳಿ, ಓಣಿಯ ನಾಲ್ಕು ಮನೆಯವರು ಸೇರಿ ಒಂದು ಕೊಂಡರೂ ಆಯಿತು. ತಾಯಿಯೊ ಯುದೆನ್ 2015ರಲ್ಲಿ ಡಿಸ್ಕ್ ತಯಾರಿಕೆಯನ್ನೇ ನಿಲ್ಲಿಸಿತು. ಮೋಸರ್ ಬೇರ್ 2018ರಲ್ಲಿ ಬಾಗಿಲು ಹಾಕಿತು. ಓದುವ ಯಂತ್ರಗಳೂ ಇದೇ ದಾರಿಯಲ್ಲಿವೆ.

ಮೊದಲು ಸಿ.ಡಿ.ಯನ್ನು ಒರೆಸಿ. ಮೆತ್ತನೆಯ ಹತ್ತಿ ಬಟ್ಟೆಯಿಂದ, ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು, ಸುತ್ತ ತಿರುಗಿಸಿ ಒರೆಸಬಾರದು. ಸುತ್ತಲೂ ಒರೆಸಿದಾಗ ಬೀಳುವ ಗೀರು ಸುರುಳಿಯ ಗುಂಟವೇ ಸಾಗುತ್ತದೆ, ಅದನ್ನು ತಿದ್ದುವುದು ಯಂತ್ರಕ್ಕೆ ಕಷ್ಟ. ಬೂಷ್ಟು ಹಿಡಿದಿದ್ದರೆ ಸ್ವಲ್ಪ ಸೋಪಿನ ನೀರು ಸಾಕು; ಪೆಟ್ರೋಲು, ಥಿನ್ನರ್ ಬೇಡವೇ ಬೇಡ. ಆಮೇಲೆ ಕಡತಗಳನ್ನು ಒಂದೊಂದಾಗಿ ಎಳೆದುಕೊಳ್ಳುವ ಬದಲು ಇಡೀ ಡಿಸ್ಕಿನ ಇಮೇಜ್ ತೆಗೆಯಿರಿ. ಇಮೇಜ್ ಎಂದರೆ ಡಿಸ್ಕಿನಲ್ಲಿರುವುದೆಲ್ಲ ಇದ್ದದ್ದು ಇದ್ದ ಕ್ರಮದಲ್ಲೇ ಒಂದೇ ಕಡತವಾಗಿ ಕಂಪ್ಯೂಟರಿಗೆ ಇಳಿಯುವುದು. ಅದರಿಂದ ಮುಂದೆ ಎಷ್ಟು ಪ್ರತಿ ಬೇಕಾದರೂ ಮಾಡಬಹುದು. ಹಾಡಿನ ಸಿ.ಡಿ.ಗೆ ಮಾತ್ರ ಈ ದಾರಿ ಸರಿಹೊಂದುವುದಿಲ್ಲ, ಅದರಲ್ಲಿ ಕಡತಗಳೇ ಇರುವುದಿಲ್ಲ. ಎಕ್ಸಾಕ್ಟ್ ಆಡಿಯೊ ಕಾಪಿಯಂಥ ತಂತ್ರಾಂಶ ಒಂದೊಂದು ತುಣುಕನ್ನೂ ಮರಳಿ ಮರಳಿ ಓದಿ ತಾಳೆ ನೋಡಿ ಹಾಡನ್ನು ಹೊರತೆಗೆಯುತ್ತದೆ. ತಡವರಿಸುವ ದಾಖಲೆ ಡಿಸ್ಕುಗಳಿಗೆ ಲಿನಕ್ಸಿನಲ್ಲಿ ಡಿಡಿರೆಸ್ಕ್ಯೂ ಇದೆ. ಅದು ಸುಲಭವಾಗಿ ಓದಬಹುದಾದ ಭಾಗಗಳನ್ನು ಮೊದಲು ತೆಗೆದಿಟ್ಟುಕೊಂಡು, ಹಾಳಾದ ಜಾಗಗಳಿಗೆ ಆಮೇಲೆ ತಾಳ್ಮೆಯಿಂದ ಮರಳುತ್ತದೆ. ಎರಡೂ ಉಚಿತ. ಒಂದು ಡ್ರೈವ್ ಓದದ ಡಿಸ್ಕನ್ನು ಇನ್ನೊಂದು ಡ್ರೈವ್ ಓದುವುದುಂಟು, ಆದ್ದರಿಂದ ಒಂದೇ ಸಲಕ್ಕೆ ಎಸೆಯಬೇಡಿ.

ಏನೂ ಇಲ್ಲ ಎಂದು ತೋರಿಸುವ ಕೆಲವು ಸಿ.ಡಿ.ಗಳಲ್ಲಿ ಎಲ್ಲವೂ ಇರುತ್ತದೆ. ಇಂದು ಸ್ವಲ್ಪ, ನಾಳೆ ಸ್ವಲ್ಪ ಎಂದು ಸೆಷನ್‌ಗಳಲ್ಲಿ ಬರೆದು ಕೊನೆಗೆ ಡಿಸ್ಕನ್ನು ಮುಚ್ಚದೆ ಬಿಟ್ಟಿದ್ದರೆ ಮೊದಲ ಪುಟದ ವಿಷಯಸೂಚಿಯೇ ಪೂರ್ತಿಯಾಗಿರುವುದಿಲ್ಲ. ಅಂಥದನ್ನು ಸಾಮಾನ್ಯ ಪ್ಲೇಯರ್ ಖಾಲಿ ಎನ್ನುತ್ತದೆ, ರೈಟರಿಗೆ ಹಾಕಿದರೆ ಕಾಣಿಸಿಕೊಳ್ಳಬಹುದು.

ಕನ್ನಡದ ಕಡತಗಳ ಕಷ್ಟ ಇಲ್ಲಿಗೆ ಮುಗಿಯದು. 1998ರಲ್ಲಿ ಬರಹ ಎಂಬ ಕನ್ನಡ ಟೈಪಿಂಗ್ ತಂತ್ರಾಂಶ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ ಬಂತು. ಪ್ರೆಸ್ಸುಗಳಲ್ಲಿ ಶ್ರೀಲಿಪಿ, ಪ್ರಕಾಶಕ್ ಇದ್ದವು. ಆಗ ಟೈಪು ಮಾಡಿದ ಕನ್ನಡ ಅಕ್ಷರಗಳು ಯೂನಿಕೋಡಿನವಲ್ಲ, ಆಯಾ ಫಾಂಟು ಇದ್ದರೆ ಮಾತ್ರ ಕನ್ನಡವಾಗಿ ಕಾಣುವಂಥವು. ಅಚ್ಚಿಗೆ ಕಳಿಸಿದ ಎಷ್ಟೋ ಪುಸ್ತಕಗಳ ಪೇಜ್‌ಮೇಕರ್ ಪುಟಗಳು ಹೀಗೆಯೇ ಸಿ.ಡಿ.ಗಳಲ್ಲಿ ಕೂತಿವೆ. ಸಿ.ಡಿ.ಯಿಂದ ಕಡತ ಸರಿಯಾಗಿ ಬಂದರೂ ತೆರೆದಾಗ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ, ಚಿಹ್ನೆಗಳ ರಾಶಿ ಕಂಡರೆ ಹಾಳಾಗಿದೆ ಎಂದು ಅಳಿಸಬೇಡಿ. ಅದು ಹಾಳಾಗಿಲ್ಲ. ಹಳೆಯ ಸಂಕೇತವನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಉಚಿತವಾಗಿ ಇವೆ. ಫಾಂಟಿನ ಕಡತವನ್ನೂ ಜೊತೆಗೇ ತೆಗೆದಿಟ್ಟುಕೊಳ್ಳಿ. ಲೇಖಕರೂ ಚಿಕ್ಕ ಪ್ರಕಾಶಕರೂ ಈ ಮಾತನ್ನು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇನೆ.

ನಕಲು ಎಂದಾಗ ಕಾನೂನಿನ ಪ್ರಶ್ನೆ ಬರುತ್ತದೆ. ನಿಮ್ಮ ಮನೆಯ ಚಿತ್ರ, ನೀವೇ ಬರೆದದ್ದು, ಇವಕ್ಕೆ ಯಾರ ಅಪ್ಪಣೆಯೂ ಬೇಡ. ಹಣ ಕೊಟ್ಟು ಕೊಂಡ ತಂತ್ರಾಂಶ ಹಾಳಾಗದಿರಲೆಂದು ಒಂದು ಮೀಸಲು ಪ್ರತಿ ಮಾಡಿಟ್ಟುಕೊಳ್ಳಲು 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲೇ ಅವಕಾಶವಿದೆ. ಸಿನಿಮಾ, ಹಾಡುಗಳನ್ನು ನಕಲು ಮಾಡಿ ಮಾರುವುದು ಅಪರಾಧ, ಕರ್ನಾಟಕದಲ್ಲಿ ಗೂಂಡಾ ಕಾಯ್ದೆಯೂ ಹಾಗೆ ಮಾರುವವರಿಗೆ ಅನ್ವಯಿಸುತ್ತದೆ. ಕಲಾವಿದರ ಅನ್ನ ಅದರಲ್ಲಿದೆ, ಆ ಕಾನೂನು ಸರಿಯಾಗಿಯೇ ಇದೆ.

ತೆಗೆದ ಮಾಹಿತಿಯನ್ನು ಎಲ್ಲಿಡಬೇಕು ಎಂದು ಕೇಳುವಿರಿ. ಒಂದೇ ಕಡೆ ಇಡಬೇಡಿ ಎಂಬುದೇ ನನ್ನ ಉತ್ತರ. ಒಂದು ಹಾರ್ಡ್ ಡಿಸ್ಕ್ ನಿಮ್ಮ ಮನೆಯಲ್ಲಿ, ಇನ್ನೊಂದು ಬೇರೆ ಊರಿನ ಅಣ್ಣನ ಮನೆಯಲ್ಲೋ ಮಗಳ ಮನೆಯಲ್ಲೋ ಇರಲಿ. ಕೆಲವು ವರ್ಷಕ್ಕೊಮ್ಮೆ ತೆರೆದು ನೋಡಿ, ಹೊಸ ಡಿಸ್ಕಿಗೆ ದಾಟಿಸಿ. ಮತ್ತೆ ತಟ್ಟೆಯ ಮೇಲೆಯೇ ಬರೆಯುವ ಆಸೆಯಿದ್ದರೆ ಬಣ್ಣದ ಬದಲು ಕಲ್ಲಿನ ಗುಣದ ಅಜೈವಿಕ ಪದರವಿರುವ ಎಂ-ಡಿಸ್ಕ್ ಎಂಬ ಬಗೆ ಇದೆ. ಮಧ್ಯಮ ವೇಗದಲ್ಲಿ ಬರೆಯಿರಿ, ಬರೆದ ಮೇಲೆ ವೆರಿಫೈ ಎಂಬ ಆಯ್ಕೆಯನ್ನು ಎಂದೂ ಬಿಡಬೇಡಿ. ಬರೆದದ್ದನ್ನು ಮೂಲದೊಂದಿಗೆ ತಾಳೆ ನೋಡದ ಪ್ರತಿಯನ್ನು ನಾನು ಪ್ರತಿ ಎಂದು ಒಪ್ಪುವುದಿಲ್ಲ.

ಈ ವಾರ ಬಿಡುವು ಮಾಡಿಕೊಂಡು ಬೀರು ತೆರೆಯಿರಿ. ಬೇರೆಲ್ಲೂ ಸಿಗದ ಸಿ.ಡಿ. ಯಾವುದು ಎಂದು ಆರಿಸಿ, ಅದನ್ನು ಮೊದಲು ತೆಗೆಯಿರಿ. ಸಿನಿಮಾ ಹಾಡುಗಳು ಕಾಯಬಹುದು. ಹಿರಿಯರ ಧ್ವನಿ ಇರುವುದು ಕಾಯಲಾರದು. ನಿಮಗೆ ಈ ಕೆಲಸ ಬಾರದಿದ್ದರೆ ಓಣಿಯಲ್ಲಿ ಕಂಪ್ಯೂಟರ್ ಬಲ್ಲ ಹುಡುಗನನ್ನೋ ಹುಡುಗಿಯನ್ನೋ ಕರೆದು ಕೂರಿಸಿಕೊಳ್ಳಿ. ನಿಮಗೆ ಬಂದರೆ ದಯವಿಟ್ಟು ಪಕ್ಕದ ಮನೆಯವರದ್ದನ್ನೂ ಮಾಡಿಕೊಡಿ.